ಚೆಂಡು ನೋಡುವವರು

ತಕ್ಕಡಿ ಸಾಹೇಬರ ಗಾಲ್ಫ್ ಕೆಟ್ಟು ಕೆರ ಹಿಡಿದು ಎರಡು ವರ್ಷವಾಗಿತ್ತು. ಕೋಲು ಎತ್ತುವಾಗ ನೋಡಿದರೆ ಯಾರೋ ಪಳಗಿದ ಆಟಗಾರರೇ ಇರಬೇಕು ಅನ್ನಿಸುತ್ತಿತ್ತು. ಇಳಿಸುವಾಗಲೂ ಅಡ್ಡಿಯಿಲ್ಲ. ಆದರೆ ಕೋಲು ಚೆಂಡನ್ನು ಮುಟ್ಟುವ ಹೊತ್ತಿಗೆ ಅದೇನಾಗುತ್ತಿತ್ತೋ, ಚೆಂಡಿನ ನೆತ್ತಿ ಸವರಿಕೊಂಡು ಹೋಗಿಬಿಡುತ್ತಿತ್ತು. ಚೆಂಡು ಕಪ್ಪೆಯ ಹಾಗೆ ನಾಲ್ಕು ಸಲ ಕುಪ್ಪಳಿಸಿ, ಇಪ್ಪತ್ತು ಹೆಜ್ಜೆ ಆಚೆ ಹುಲ್ಲಿನಲ್ಲಿ ಕೂತುಬಿಡುತ್ತಿತ್ತು. ಸಾಹೇಬರು ಯಾರಾದರೂ ನೋಡಿದರೇನೋ ಎಂದು ಸುತ್ತ ಕಣ್ಣಾಡಿಸುತ್ತಿದ್ದರು. ನೋಡಿದವರು ಯಾರೂ ಇರುತ್ತಿರಲಿಲ್ಲ. ಅದು ಸಮಾಧಾನವೋ ಸಂಕಟವೋ ಅವರಿಗೇ ತಿಳಿಯುತ್ತಿರಲಿಲ್ಲ.

ಅವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇನ್‌ಸ್ಪೆಕ್ಟರ್ ಆಗಿದ್ದವರು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಪರೀಕ್ಷಿಸುವುದು, ಸರಿಯಿದ್ದರೆ ಮುದ್ರೆ ಒತ್ತುವುದು, ಮೋಸವಿದ್ದರೆ ಜಪ್ತಿ ಮಾಡುವುದು ಅವರ ಕೆಲಸ. ಅವರು ಬೀದಿಯ ಆ ತುದಿಯಲ್ಲಿ ಕಂಡರೆ ಈ ತುದಿಯ ಅಂಗಡಿಗಳಲ್ಲಿ ತೂಕ ತಾನಾಗಿಯೇ ಸರಿಹೋಗುತ್ತಿತ್ತಂತೆ. ಹಾಗೆ ಬಂದ ಅಡ್ಡಹೆಸರು ನಿವೃತ್ತಿಯಾದರೂ ಬಿಡಲಿಲ್ಲ. ನಿವೃತ್ತಿಯ ದಿನ ಕಚೇರಿಯವರು ಕೊಟ್ಟ ಹಿತ್ತಾಳೆಯ ಬಟ್ಟುಗಳ ಪೆಟ್ಟಿಗೆ ಈಗಲೂ ಅವರ ಟಿ.ವಿ. ಪಕ್ಕದಲ್ಲಿದೆ. ಒಂದು ಕಿಲೋದಿಂದ ಒಂದು ಗ್ರಾಮಿನವರೆಗೆ ಎಲ್ಲ ಬಟ್ಟುಗಳೂ ತಂತಮ್ಮ ಗುಳಿಯಲ್ಲಿ ಕೂತಿವೆ. ವಾರಕ್ಕೊಮ್ಮೆ ಅವನ್ನು ತೆಗೆದು ಒರೆಸಿ ಇಡುತ್ತಾರೆ. ಮನೆಯಲ್ಲಿ ಒರೆಸಿಸಿಕೊಳ್ಳುವ ಭಾಗ್ಯ ಇರುವುದು ಅವಕ್ಕೆ ಮಾತ್ರ.

ಹೆಂಡತಿ ತೀರಿಕೊಂಡು ನಾಲ್ಕು ವರ್ಷ. ಮಕ್ಕಳಿಲ್ಲ. ಐದನೇ ಮಹಡಿಯ ಎರಡು ಕೋಣೆಯ ಮನೆ. ಒಂದು ಕೋಣೆಯ ಬಾಗಿಲು ಹಾಕಿಯೇ ಇರುತ್ತದೆ. ಒಬ್ಬ ಮನುಷ್ಯ ಎಷ್ಟು ಕೋಣೆಯಲ್ಲಿ ಕೂರಬಲ್ಲ? ಒಂದು ಮಂಗಳವಾರ ಅವರು ಸುಮ್ಮನೆ ಕುತೂಹಲಕ್ಕೆ ತಾವು ಬೆಳಗಿನಿಂದ ಸಂಜೆವರೆಗೆ ಆಡಿದ ಮಾತು ಎಣಿಸಿದರು. ಒಟ್ಟು ಹನ್ನೊಂದು ಬಂತು. ಅದರಲ್ಲಿ ಮೂರು ಲಿಫ್ಟಿನ ಬಾಗಿಲಿಗೆ ಬೈದದ್ದು. ಎಣಿಸಬಾರದಿತ್ತು ಅಂದುಕೊಂಡರು, ಅದೂ ಬಾಯಿಬಿಟ್ಟೇ. ಹಾಗಾಗಿ ಹನ್ನೆರಡಾಯಿತು.

ಗಾಲ್ಫ್ ಎಂದರೆ ಶ್ರೀಮಂತರ ಆಟ ಎಂದು ಮೂಗು ಮುರಿಯಬೇಡಿ. ಇದು ನಗರಸಭೆಯ ಮೈದಾನ. ನೀರಿನ ಟ್ಯಾಂಕುಗಳ ಹಿಂದೆ ಇದ್ದ ಪಾಳುಜಾಗದಲ್ಲಿ ಒಂಬತ್ತು ಗುಳಿ ತೋಡಿ, ಒಂಬತ್ತು ಬಾವುಟ ನೆಟ್ಟು, ಒಂದು ಕ್ಯಾಂಟೀನು ಕಟ್ಟಿ, ಯಾರು ಬೇಕಾದರೂ ಆಡಿ ಎಂದು ಬಿಟ್ಟಿದ್ದರು. ಸಾಹೇಬರನ್ನು ಅಲ್ಲಿಗೆ ಅಟ್ಟಿದ್ದು ಅವರ ಹೆಂಡತಿಯೇ. ಅವರೊಬ್ಬರನ್ನೇ ಅಲ್ಲ, ಜೊತೆಗೆ ತನ್ನ ಅಣ್ಣನನ್ನೂ. ಆ ಅಣ್ಣ ಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವರು, ಹೆಂಡತಿಯನ್ನು ಬೇಗ ಕಳೆದುಕೊಂಡು ಒಂಟಿಯಾಗಿದ್ದವರು. ಇಬ್ಬರೂ ಒಂದೇ ವರ್ಷ ನಿವೃತ್ತರಾಗಿ, ದಿನಾ ಬೆಳಗ್ಗೆ ಅವಳ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಲೋಕದ ವಿಚಾರ ಕೊಚ್ಚತೊಡಗಿದಾಗ ಅವಳು ಸೌಟು ಹಿಡಿದೇ ಬಂದು ಹೇಳಿದ್ದಳು: "ಇಬ್ರೂ ಇಲ್ಲಿ ಕೂತು ನನ್ನ ತಲೆ ತಿನ್ಬೇಡಿ. ಎಲ್ಲಾದ್ರೂ ಹೋಗಿ ಏನಾದ್ರೂ ಆಡ್ಕೊಳ್ಳಿ."

ಆಡಿಕೊಂಡರು. ಒಂಬತ್ತು ವರ್ಷ, ವಾರಕ್ಕೆ ಮೂರು ಬೆಳಗ್ಗೆ. ಸಾಹೇಬರಿಗೆ ಮೇಷ್ಟ್ರು ಹೆಂಡತಿಯ ಅಣ್ಣ, ಆದ್ದರಿಂದ ಭಾವ. ಮೇಷ್ಟ್ರಿಗೆ ಸಾಹೇಬರು ತಂಗಿಯ ಗಂಡ, ಆದ್ದರಿಂದ ಅವರೂ ಭಾವ. ಒಬ್ಬರು "ಭಾವ" ಅಂದರೆ ಇನ್ನೊಬ್ಬರು "ಏನು ಭಾವ" ಅನ್ನುತ್ತಿದ್ದರು. ಮೈದಾನದಲ್ಲಿ ಅವರಿಗೆ ಜೋಡಿ ಭಾವ ಎಂದೇ ಹೆಸರು.

ಆ ಜೋಡಿ ತಮ್ಮದೇ ಒಂದು ನಿಯಮ ಮಾಡಿಕೊಂಡಿತ್ತು. ಒಬ್ಬರು ಹೊಡೆಯುವಾಗ ಇನ್ನೊಬ್ಬರು ಚೆಂಡು ನೋಡಬೇಕು. ಹೊಡೆದವರು ತಲೆ ಎತ್ತಬಾರದು. ಚೆಂಡು ಹುಡುಕಿದರೂ ಸಿಗದೇ ಹೋದರೆ, ನೋಡಿದವರು "ಇಲ್ಲಿ ಬಿತ್ತು" ಎಂದು ತೋರಿಸಿದ ಜಾಗದಲ್ಲೇ ಬೇರೆ ಚೆಂಡಿಟ್ಟು ಆಟ ಮುಂದುವರಿಸಬೇಕು. ವಾದವಿಲ್ಲ, ದಂಡವಿಲ್ಲ. ಇಂಥ ನಿಯಮ ಯಾವ ಗಾಲ್ಫ್ ಪುಸ್ತಕದಲ್ಲೂ ಇಲ್ಲ. ಜನ್ಮದಲ್ಲಿ ಯಾವ ಅಂಗಡಿಯವನ ಮಾತನ್ನೂ ನಂಬದ ಸಾಹೇಬರು ಈ ಒಬ್ಬ ಮನುಷ್ಯನ ಮಾತಿನ ಮೇಲೆ ಒಂಬತ್ತು ವರ್ಷ ಕಣ್ಣು ಮುಚ್ಚಿಕೊಂಡು ಆಡಿದರು.

ಹೆಂಡತಿ ಹೋದ ಮೇಲೂ ಆಟ ನಿಲ್ಲಲಿಲ್ಲ. ಇಬ್ಬರೂ ಅವಳ ಮಾತು ಎತ್ತುತ್ತಿರಲಿಲ್ಲ, ಎತ್ತುವ ಅಗತ್ಯವೂ ಇರಲಿಲ್ಲ. ಆದರೆ ಎರಡನೇ ವರ್ಷದ ಹೊತ್ತಿಗೆ ಮೇಷ್ಟ್ರು ತೋರಿಸಿದ ಜಾಗಕ್ಕೂ ಚೆಂಡು ಇರುವ ಜಾಗಕ್ಕೂ ತಾಳಮೇಳ ತಪ್ಪತೊಡಗಿತು. "ಬಲಕ್ಕೆ ಬಿತ್ತು ಭಾವ, ಮರದ ಬುಡ" ಅನ್ನುವರು. ಚೆಂಡು ಆಮೇಲೆ ಎಡಗಡೆ ಸಿಗುವುದು. ಸಾಹೇಬರು ಬಾಯಿ ಬಿಡಲಿಲ್ಲ. ಹಳೇ ಕಸುಬು ಸುಮ್ಮನಿರಬೇಕಲ್ಲ! ಒಂದು ಚಿಕ್ಕ ನೋಟ್‌ಬುಕ್ಕು ತೆಗೆದರು. ಒಂದು ಕಡೆ "ಹೇಳಿದ್ದು", ಇನ್ನೊಂದು ಕಡೆ "ಸಿಕ್ಕಿದ್ದು". ಎರಡು ತಿಂಗಳಲ್ಲಿ ಇಪ್ಪತ್ತಮೂರು ತಪ್ಪು ಹಿಡಿದರು.

ಇಪ್ಪತ್ತಮೂರನೆಯದು ಒಂದು ಭಾನುವಾರ. ಚೆಂಡು ಹಳ್ಳಕ್ಕೆ ಬಿತ್ತು ಎಂದರು ಮೇಷ್ಟ್ರು. ಸಾಹೇಬರು ಹಳ್ಳದಲ್ಲೇ ಬೇರೆ ಚೆಂಡಿಟ್ಟು, ಕೆಸರಲ್ಲಿ ಒದ್ದಾಡಿ, ಆಟ ಸೋತರು. ಹೊರಡುವಾಗ ನೋಡಿದರೆ ಅವರ ಚೆಂಡು ಬಾವುಟದ ಪಕ್ಕ ಒಣಹುಲ್ಲಿನ ಮೇಲೆ ಆರಾಮಾಗಿ ಕೂತಿದೆ. ಸಾಹೇಬರಿಗೆ ಪಿತ್ತ ನೆತ್ತಿಗೇರಿತು. ಕ್ಯಾಂಟೀನಿನಲ್ಲಿ ಎಂಟು ಜನರ ಮುಂದೆ ನೋಟ್‌ಬುಕ್ಕು ಬಿಚ್ಚಿ ಓದಿದರು. ಓದಿ ಮುಗಿಸಿ ಹೇಳಿದರು: "ಮೂವತ್ತೊಂದು ವರ್ಷ ಕಳ್ಳ ತಕ್ಕಡಿ ಹಿಡಿದವನು ನಾನು. ಕಳ್ಳ ಕಣ್ಣು ಹಿಡಿಯೋಕೆ ಬರಲ್ಲ ಅಂದ್ಕೊಂಡ್ರಾ?"

ಮೇಷ್ಟ್ರು ಕೈಯಲ್ಲಿದ್ದ ಕಪ್ಪನ್ನು ಮೇಜಿನ ಮೇಲಿಡಲು ಹೋದರು. ಅದು ಅಂಚಿಗೆ ಕೂತು ನೆಲಕ್ಕೆ ಬಿದ್ದು ಒಡೆಯಿತು. ಎದ್ದು ಹೊರಟವರು ಬಾಗಿಲ ಮೆಟ್ಟಿಲಲ್ಲಿ ಮುಗ್ಗರಿಸಿದರು. ಸಿಕ್ಕಿಬಿದ್ದವರ ಕೈಕಾಲು ಹೀಗೇ ನಡುಗುವುದು ಎಂದು ಸಾಹೇಬರು ಮನಸ್ಸಿನಲ್ಲೇ ಷರಾ ಬರೆದುಕೊಂಡರು.

ಅಷ್ಟೇ. ಆಮೇಲೆ ಎರಡು ವರ್ಷ ಮಾತಿಲ್ಲ, ಕತೆಯಿಲ್ಲ. ಸಾಹೇಬರು ಮಾತ್ರ ಹಟಕ್ಕೆ ಬಿದ್ದು ಅದೇ ಮೈದಾನಕ್ಕೆ ಒಬ್ಬರೇ ಹೋಗುತ್ತಿದ್ದರು. ಮೇಷ್ಟ್ರಿಲ್ಲದೆಯೂ ನಾನು ಆಡಬಲ್ಲೆ ಎಂದು ತೋರಿಸಬೇಕಿತ್ತು. ಯಾರಿಗೆ ಎಂದು ಕೇಳಿದರೆ ಉತ್ತರವಿಲ್ಲ. ನನ್ನನ್ನು ಕೇಳಿದರೆ, ಆ ಮನುಷ್ಯನಿಗೆ ಬೇಕಾಗಿದ್ದದ್ದು ಕೋಲು ಬೀಸುವ ಸ್ವಿಂಗಲ್ಲ, ಭಾವ. ಭೂಮಿಯ ಮೇಲೆ ತನ್ನ ಹೆಂಡತಿಯ ನಗು ಗೊತ್ತಿದ್ದ ಇನ್ನೊಂದು ಜೀವ ಅದೊಂದೇ. ಆದರೆ ಅದನ್ನು ಒಪ್ಪಿಕೊಳ್ಳುವುದಕ್ಕಿಂತ ಸ್ವಿಂಗ್ ರಿಪೇರಿ ಮಾಡಿಸುವುದು ಸುಲಭ. ಹಾಗಾಗಿ ಅವರು ಕೋಚ್ ಹುಡುಕಿದರು.

ಕೋಚ್ ನಲವತ್ತರ ಆಸುಪಾಸಿನ ಹೆಂಗಸು. ಟೈರ್ ಅಂಗಡಿಯ ಹಿಂದಿನ ಗೋದಾಮಿನಲ್ಲಿ ಬಲೆ ಕಟ್ಟಿಕೊಂಡು ಪಾಠ ಹೇಳುತ್ತಿದ್ದಳು. ಎಲ್ಲರೂ ಟೀಚರಮ್ಮ ಅನ್ನುತ್ತಿದ್ದರು. ಮಾತು ಕಡ್ಡಿ ಮುರಿದ ಹಾಗೆ.

"ಯಾಕೆ ಅಷ್ಟು ಬಿಗಿ ಹಿಡ್ಕೊಂಡಿದೀರಿ? ಕೋಲು ಓಡಿಹೋಗಲ್ಲ," ಎಂದಳು ಮೊದಲ ದಿನ, ಅವರ ಹಳೇ ಕಸುಬು ಕೇಳಿ ತಿಳಿದುಕೊಂಡ ಮೇಲೆ. "ನಿಮ್ಮ ಕಸುಬಲ್ಲಿ ಅತಿ ಚಿಕ್ಕ ಬಟ್ಟು ಯಾವುದ್ರಲ್ಲಿ ಎತ್ತುತಿದ್ರಿ?"

"ಚಿಮಟದಲ್ಲಿ."

"ಬಿಗಿಯಾಗಿ ಹಿಡೀತಿದ್ರಾ?"

"ಹಿಡಿದ್ರೆ ಚಿಮ್ಮಿ ಹೋಗುತ್ತೆ."

"ಹಾಂ. ಹಾಗೇ ಹಿಡೀರಿ."

ಸಾಹೇಬರ ಮುಂದೋಳು ಸಡಿಲವಾಯಿತು. ಆಮೇಲೆ ಅವಳು ಎರಡು ತೂಕದ ಯಂತ್ರ ತಂದಿಟ್ಟು, ಒಂದೊಂದರ ಮೇಲೆ ಒಂದೊಂದು ಪಾದ ಇಟ್ಟು ನಿಲ್ಲಲು ಹೇಳಿದಳು. ಕೋಲು ಎತ್ತುವಾಗ ಭಾರ ಬಲಗಾಲಿಗೆ ಹೋಗಬೇಕು, ಹೊಡೆಯುವಾಗ ಎಡಗಾಲಿಗೆ ಬರಬೇಕು, ಮುಳ್ಳು ನೋಡಿದರೆ ಅದು ತಿಳಿಯುತ್ತದೆ ಎನ್ನುವುದು ಅವಳ ಉಪಾಯ. ಸಾಹೇಬರು ನಿಲ್ಲುವ ಬದಲು ಮಂಡಿಯೂರಿ ಕೂತು ಎರಡು ಯಂತ್ರಗಳನ್ನೂ ತಿರುವಿ ಹಾಕಿದರು.

"ಇದು ನಾನೂರು ಗ್ರಾಮ್ ಜಾಸ್ತಿ ತೋರಿಸ್ತಿದೆ," ಎಂದರು.

"ಸಾರ್, ನಾನಿಲ್ಲಿ ತರಕಾರಿ ಮಾರ್ತಿಲ್ಲ. ಹತ್ತಿ."

ಅವರು ಹತ್ತಿದರು, ಆದರೆ ತಿರುಪು ತಿರುಗಿಸಿ ಮುಳ್ಳು ಸರಿ ಮಾಡಿದ ಮೇಲೆಯೇ. ಆ ದಿನ ಅವರು ಆಡಿದ ಮಾತು ನೂರು ದಾಟಿರಬೇಕು. ಎಣಿಸಲು ಮರೆತಿದ್ದರು.

ಮೂರನೇ ಪಾಠ ತಲೆಯದು. ಟೀಚರಮ್ಮ ಒಂದು ಡಬ್ಬಿ ತುಂಬ ಅಂಗಿಯ ಗುಂಡಿಗಳನ್ನು ಇಟ್ಟುಕೊಂಡಿದ್ದಳು. ಸಾಹೇಬರಿಗೆ ತೋರಿಸದೆ ಒಂದು ಗುಂಡಿಯನ್ನು ನೆಲದಲ್ಲಿಟ್ಟು, ಅದರ ಮೇಲೆ ಚೆಂಡಿಡುವಳು. "ಹೊಡೆದ್ಮೇಲೂ ಕಣ್ಣು ಅಲ್ಲೇ ಇರ್ಬೇಕು. ಕೋಲು ಹೆಗಲ ಮೇಲೆ ಹೋಗಿ ನಿಲ್ಲೋವರೆಗೆ. ಆಮೇಲೆ ಗುಂಡಿಗೆ ಎಷ್ಟು ತೂತು ಅಂತ ನೋಡಿ ಹೇಳಿ. ಎರಡೋ ನಾಲ್ಕೋ?"

ಸಾಹೇಬರು ಹೊಡೆದರು. ಚೆಂಡು ಬಲೆಗೆ ಬಡಿದ ಸದ್ದು ಗೋದಾಮು ತುಂಬಿತು. "ನಾಲ್ಕು," ಎಂದರು. ಮತ್ತೆ ಹೊಡೆದರು. "ಎರಡು." ಹತ್ತಕ್ಕೆ ಹತ್ತೂ ಸರಿ. ಟೀಚರಮ್ಮ ಪೆನ್ಸಿಲು ಕಚ್ಚಿಕೊಂಡು, "ನಿಮ್ಮ ಸ್ವಿಂಗಿಗೆ ಏನೂ ಆಗಿಲ್ವಲ್ಲ ಸಾರ್, ಅಪರಂಜಿ ಥರ ಇದೆ," ಎಂದಳು. ಅಂದು ಸಾಹೇಬರು ಮನೆಗೆ ಹೋಗಿ ಬಟ್ಟುಗಳನ್ನು ಒರೆಸಿದರು, ವಾರ ತುಂಬದಿದ್ದರೂ.

ಆದರೆ ಮಾರನೇ ಬೆಳಗ್ಗೆ ಮೈದಾನದಲ್ಲಿ ಅದೇ ಕಪ್ಪೆ, ಅದೇ ಕುಪ್ಪಳಿಸಾಟ. ಅದರ ಮಾರನೇ ದಿನವೂ ಅಷ್ಟೆ. ಸಾಹೇಬರು ಇಂಗು ತಿಂದ ಮಂಗನ ಮುಖ ಹೊತ್ತು ಗೋದಾಮಿಗೆ ಬಂದರು.

"ನಿಮ್ಮ ಪಾಠ ಒಳಗೆ ಒಂದು ತೂಕ, ಹೊರಗೆ ಒಂದು ತೂಕ," ಎಂದು ಸಿಡುಕಿದರು. "ಇಂಥಾದ್ದನ್ನ ನಾನು ಜಪ್ತಿ ಮಾಡ್ತಿದ್ದೆ."

ಟೀಚರಮ್ಮನಿಗೆ ನಗು ಬಂತು. "ಗುರುವಾರ ಬೆಳಗ್ಗೆ ನಾನೇ ಬರ್ತೀನಿ. ಅಲ್ಲೇ ನೋಡೋಣ."

ಗುರುವಾರ ಬಂದಳು. ಮೊದಲ ಬಾವುಟದ ಕಡೆ ಸಾಹೇಬರು ಮೂರು ಚೆಂಡು ಹೊಡೆದರು. ಮೂರೂ ಕಪ್ಪೆ. ಅವಳು ಚೆಂಡಿನ ಕಡೆ ನೋಡಲೇ ಇಲ್ಲ. ಸಾಹೇಬರ ಗದ್ದವನ್ನೇ ನೋಡುತ್ತಿದ್ದಳು.

"ಗೊತ್ತಾಯ್ತು," ಎಂದಳು. "ಕೋಲು ಚೆಂಡು ಮುಟ್ಟೋಕೆ ಮುಂಚೇನೇ ನೀವು ತಲೆ ಎತ್ತುತೀರಿ. ತಲೆ ಎದ್ರೆ ಹೆಗಲು ಏಳುತ್ತೆ, ಹೆಗಲು ಎದ್ರೆ ಕೋಲೂ ಏಳುತ್ತೆ. ಗೋದಾಮಲ್ಲಿ ಹಂಗೆ ಮಾಡಲ್ಲ. ಯಾಕೆ ಹೇಳಿ?"

"ಯಾಕೆ?"

"ಅಲ್ಲಿ ಚೆಂಡು ಎಲ್ಲಿಗೂ ಹೋಗಲ್ಲ. ಎದುರಿಗೇ ಬಲೆ. ಇಲ್ಲಿ ಎಲ್ಲಿ ಹೋಯ್ತು ಅಂತ ನೀವೇ ನೋಡ್ಬೇಕು. ಒಬ್ರೇ ಆಡೋರಿಗೆಲ್ಲ ಇದೇ ಕಾಯಿಲೆ ಸಾರ್. ಈಗ ಹೊಡೀರಿ. ನೀವು ಕೆಳಗೇ ನೋಡಿ, ಚೆಂಡು ನಾನು ನೋಡ್ತೀನಿ."

ಚೆಂಡು ನಾನು ನೋಡ್ತೀನಿ. ಎರಡು ವರ್ಷದಿಂದ ಆ ಮಾತು ಅವರ ಕಿವಿಗೆ ಬಿದ್ದಿರಲಿಲ್ಲ. ಸಾಹೇಬರು ಕೋಲು ಎತ್ತಿದರು, ಇಳಿಸಿದರು, ಕಣ್ಣು ಹುಲ್ಲಿನ ಮೇಲೇ ಇತ್ತು. ಕೈಗೆ ಏಟೇ ತಾಗಲಿಲ್ಲ, ಅಷ್ಟು ಹಗುರ. "ಚೆಂದ! ಬಾವುಟಕ್ಕೆ ಹತ್ತು ಹೆಜ್ಜೆ ಈಚೆ, ಸ್ವಲ್ಪ ಎಡಕ್ಕೆ," ಎಂದು ಟೀಚರಮ್ಮ ಕೂಗಿದಳು. ಸಾಹೇಬರು ತಲೆ ಎತ್ತಲೇ ಇಲ್ಲ. ಎತ್ತಿದರೆ ಕಣ್ಣಲ್ಲಿ ನೀರಿರುವುದು ಅವಳಿಗೆ ಕಾಣುತ್ತಿತ್ತು.

ಆರು ಚೆಂಡು ಹಾಗೇ ಹೋದವು. ಆಮೇಲೆ ಅವಳು ಬೆಂಚಿನ ಮೇಲೆ ಕೂತು, "ನನ್ನ ಪಾಠ ಮುಗೀತು. ನಿಮಗೆ ಬೇಕಾಗಿರೋದು ಕೋಚಲ್ಲ, ಜೊತೆ. ಯಾರೂ ಇಲ್ವಾ?" ಎಂದಳು.

ಸಾಹೇಬರು ಹೇಳಿದರು. ಇಪ್ಪತ್ತಮೂರು ತಪ್ಪು, ನೋಟ್‌ಬುಕ್ಕು, ಕ್ಯಾಂಟೀನು, ಎಲ್ಲವನ್ನೂ. ಹೇಳುವಾಗ ಇಲಾಖೆಯ ವರದಿ ಒಪ್ಪಿಸುವ ಗತ್ತು ದನಿಯಲ್ಲಿತ್ತು.

ಅವಳು ಕೇಳಿಸಿಕೊಂಡು, "ಮೋಸ ಮಾಡಿ ಅವರಿಗೇನು ಸಿಗ್ತಿತ್ತು?" ಎಂದಳು.

"ಇನ್ನೇನು, ಗೆಲುವು."

"ಹಂಗಾದ್ರೆ ಆ ಎರಡು ತಿಂಗಳು ಅವರೇ ಗೆದ್ರಾ?"

ಸಾಹೇಬರು ಬೆರಳು ಮಡಚಿ ಲೆಕ್ಕ ಹಾಕತೊಡಗಿದರು. ಟೀಚರಮ್ಮ ಗುಂಡಿಯ ಡಬ್ಬಿಯಿಂದ ನಾಲ್ಕು ತೂತಿನದೊಂದನ್ನು ತೆಗೆದು ಅವರ ಕೈಯಲ್ಲಿಟ್ಟು, ಮುಂದಿನ ಪಾಠಕ್ಕೆ ಹೊತ್ತಾಯಿತೆಂದು ಹೊರಟುಹೋದಳು.

ಮನೆಗೆ ಬಂದ ಸಾಹೇಬರು ಬೂಟು ಕೂಡ ಬಿಚ್ಚದೆ ನೋಟ್‌ಬುಕ್ಕು ಹುಡುಕಿದರು. ಮುಚ್ಚಿದ ಕೋಣೆಯಲ್ಲಿತ್ತು, ಹೆಂಡತಿಯ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ. ಅಲ್ಲಿ ಯಾಕೆ ಇಟ್ಟಿದ್ದರೋ! ಆ ಯಂತ್ರದ ಮುಂದೆಯೇ ಕೂತು ಒಂದೊಂದೇ ಸಾಲು ಓದಿದರು. ಈ ಸಲ ಪೆನ್ನು ಹಿಡಿದು ಮೂರನೆಯ ಅಂಕಣ ಒಂದನ್ನು ಎಳೆದರು: ತಪ್ಪಿನಿಂದ ಲಾಭ ಯಾರಿಗೆ?

ಆರನೇ ತಾರೀಖು: ಚೆಂಡು ನಿಜವಾಗಿ ಮುಳ್ಳುಪೊದೆಯಲ್ಲಿತ್ತು. ಮೇಷ್ಟ್ರು ತೋರಿಸಿದ್ದು ಒಳ್ಳೇ ಹುಲ್ಲು. ಲಾಭ ಸಾಹೇಬರಿಗೆ. ಒಂಬತ್ತನೇ ತಾರೀಖು: ಚೆಂಡು ನೀರಲ್ಲಿ. ತೋರಿಸಿದ್ದು ದಂಡೆ. ಲಾಭ ಸಾಹೇಬರಿಗೆ. ಹನ್ನೊಂದು: ನಷ್ಟ. ಹದಿನಾಲ್ಕು: ಲಾಭ. ಕೊನೆಯ ಸಾಲು ಮುಟ್ಟಿ ಅಂಕಣ ಕೂಡಿಸಿದರು. ಇಪ್ಪತ್ತಮೂರರಲ್ಲಿ ಹತ್ತು ತಪ್ಪುಗಳು ಸಾಹೇಬರಿಗೆ ಕೆಡುಕು ಮಾಡಿದ್ದವು. ಹದಿಮೂರು ಅವರಿಗೇ ಒಳಿತು ಮಾಡಿದ್ದವು.

ಇಲಾಖೆಗೆ ಸೇರಿದ ಮೊದಲ ವಾರದಲ್ಲೇ ಕಲಿಸುವ ಪಾಠ ಇದು. ತಕ್ಕಡಿ ತಪ್ಪು ತೋರಿಸಿತು ಎಂದಾಕ್ಷಣ ಅಂಗಡಿಯವನ ಕುತ್ತಿಗೆ ಹಿಡಿಯಬಾರದು. ಇಪ್ಪತ್ತು ಸಲ ತೂಗಿ ನೋಡಬೇಕು. ಪ್ರತಿ ಸಲವೂ ಅಂಗಡಿಯವನ ಕಡೆಗೇ ವಾಲಿದರೆ ಅದು ಮೋಸ, ಜಪ್ತಿ ಮಾಡು. ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ವಾಲಿದರೆ ಅದರ ನಡುವೆ ಆಸರೆಯಾಗಿರುವ ಅಲಗು ಸವೆದಿದೆ ಎಂದರ್ಥ. ಅದಕ್ಕೆ ಬೇಕಾಗಿರುವುದು ರಿಪೇರಿ, ಶಿಕ್ಷೆಯಲ್ಲ. ಸಾಹೇಬರೇ ಎಷ್ಟೋ ಹೊಸಬರಿಗೆ ಈ ಪಾಠ ಹೇಳಿದ್ದರು. ತಮ್ಮ ಭಾವನ ವಿಷಯಕ್ಕೆ ಬಂದಾಗ ತಪ್ಪು ಎಣಿಸಿದರೇ ಹೊರತು, ಅದು ಯಾವ ಕಡೆ ವಾಲಿದೆ ಎಂದು ನೋಡಲಿಲ್ಲ. ಯಾಕೆಂದರೆ ಆಗ ಅವರಿಗೆ ಯಾರ ಮೇಲಾದರೂ ಸಿಟ್ಟು ಬೇಕಿತ್ತು. ಹೆಂಡತಿ ಸತ್ತದ್ದಕ್ಕೆ ಯಾರನ್ನೂ ಜಪ್ತಿ ಮಾಡಲು ಬರುವುದಿಲ್ಲವಲ್ಲ.

ಮೇಜಿನ ಅಂಚಿಗೆ ಕೂತ ಕಪ್ಪು ಬಿದ್ದು ಒಡೆದದ್ದು ನೆನಪಾಯಿತು. ಮೆಟ್ಟಿಲಲ್ಲಿ ಮುಗ್ಗರಿಸಿದ್ದು ನೆನಪಾಯಿತು. "ಅಯ್ಯೋ, ನನ್ನ ಬುದ್ಧಿಗಿಷ್ಟು!" ಎಂದು ಹೊಲಿಗೆ ಯಂತ್ರಕ್ಕೆ ಹೇಳಿ ಸಾಹೇಬರು ಎದ್ದರು.

ಮೇಷ್ಟ್ರ ಮನೆ ಎರಡು ಬಸ್ಸಿನ ದೂರ, ಮೂರನೇ ಮಹಡಿ, ಲಿಫ್ಟಿಲ್ಲ. ಸಾಹೇಬರು ಹತ್ತಿ ಬಾಗಿಲು ತಟ್ಟಲು ಕೈ ಎತ್ತುವಷ್ಟರಲ್ಲಿ ಬಾಗಿಲೇ ತೆರೆಯಿತು. ಮೇಷ್ಟ್ರು ಸೊರಗಿಹೋಗಿದ್ದರು. ಕಣ್ಣು ಸಾಹೇಬರ ಮುಖದ ಮೇಲಿರಲಿಲ್ಲ, ಅವರ ಎಡಗಿವಿಯಾಚೆ ಎಲ್ಲೋ ಇತ್ತು.

"ಮೆಟ್ಲು ಎಣಿಸ್ಕೊಂಡು ಹತ್ತೋರು ನೀವೊಬ್ರೇ," ಎಂದರು ಮೇಷ್ಟ್ರು. "ಐವತ್ನಾಲ್ಕು. ಸರೀನಾ?"

"ಸರಿ," ಎಂದರು ಸಾಹೇಬರು. ಮುಂದೆ ಏನು ಹೇಳಬೇಕೆಂದು ಬಸ್ಸಿನಲ್ಲಿ ಉರು ಹೊಡೆದದ್ದೆಲ್ಲ ಗಾಳಿಗೆ ಹೋಗಿತ್ತು. "ಭಾವ, ನಿಮ್ಮ ಕಣ್ಣು..."

ಮೇಷ್ಟ್ರು ಒಳಗೆ ನಡೆದರು. ಗೋಡೆಯ ಮೇಲೆ ಶಾಲೆಯ ಮಕ್ಕಳು ಬರೆದ ಚಿತ್ರಗಳು ಹಾಗೇ ಇದ್ದವು. ಮೇಜಿನ ಮೇಲೆ ಬಣ್ಣದ ಕುಂಚಗಳ ಡಬ್ಬಿ ಮುಚ್ಚಿಯೇ ಇತ್ತು. "ನಡುಮಧ್ಯ ಒಂದು ಮಬ್ಬು," ಎಂದರು ಅವರು ಕುರ್ಚಿಯಲ್ಲಿ ಕೂತು. "ಯಾವುದನ್ನ ನೋಡೋಕೆ ಹೋಗ್ತೀನೋ ಅದೇ ಕಾಣಲ್ಲ. ಸುತ್ತ ಇರೋದು ಕಾಣುತ್ತೆ. ಕಾಲಬುಡದ ಚೆಂಡು ಓರೆಗಣ್ಣಲ್ಲಿ ಕಾಣ್ತಿತ್ತು, ಹೊಡೀತಿದ್ದೆ. ದೂರ ಹೋಗಿದ್ದು ಎಲ್ಲಿ ಕಾಣ್ಬೇಕು? ಅಂದಾಜಲ್ಲಿ ಹೇಳ್ತಿದ್ದೆ."

"ನನಗೆ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನಾನ್ಯಾಕೆ ಬರ್ಬೇಕಿತ್ತು ಭಾವ ಅಲ್ಲಿಗೆ? ನಿಮಗೆ ಚೆಂಡು ನೋಡೋಕೆ ಒಬ್ರು ಬೇಕಿತ್ತು. ತಂಗಿ ಹೋದ್ಮೇಲೆ ನನಗೆ ಅಂತ ಉಳಿದಿದ್ದು ಅದೊಂದೇ ಕೆಲಸ."

ಸಾಹೇಬರು ನಿಂತೇ ಇದ್ದರು. ಕೂರಿ ಎಂದು ಮೇಷ್ಟ್ರು ಹೇಳಿರಲಿಲ್ಲ.

"ತಪ್ಪು ನಂದು ಭಾವ," ಎಂದರು ಸಾಹೇಬರು. "ಇಪ್ಪತ್ತಮೂರರಲ್ಲಿ ಹದಿಮೂರು ನನಗೇ ಲಾಭ ಆಗಿತ್ತು. ಇವತ್ತು ಕೂತು ನೋಡಿದೆ. ಅವತ್ತೇ ನೋಡ್ಬೇಕಿತ್ತು."

"ಎಂಟು ಜನರ ಮುಂದೆ ಅಂದ್ರಿ." ಮೇಷ್ಟ್ರ ದನಿ ಏರಲಿಲ್ಲ. "ಅವತ್ತು ಮನೆ ಸೇರೋಕೆ ಮೂರು ಗಂಟೆ ಹಿಡೀತು ನನಗೆ. ಬಸ್ಸಿನ ನಂಬರ್ ಕಾಣ್ಸ್ತಿರ್ಲಿಲ್ಲ. ದಿನಾ ನಿಮ್ಮ ಹಿಂದೆ ಹತ್ತುತಿದ್ದೆನಲ್ಲ, ಗೊತ್ತೇ ಆಗ್ತಿರ್ಲಿಲ್ಲ. ಯಾರನ್ನಾದ್ರೂ ಕೇಳೋಣ ಅಂದ್ರೆ ಬಾಯಿ ಬರ್ಲಿಲ್ಲ. ಕಳ್ಳ ಕಣ್ಣು ಅನ್ನಿಸ್ಕೊಂಡು ಬಂದಿದ್ದೆನಲ್ಲ."

ಸಾಹೇಬರಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಎದುರು ಗೋಡೆಯ ಮೇಲೆ ಹೆಂಡತಿಯ ಫೋಟೋ ಇತ್ತು, ಅವರ ಮನೆಯಲ್ಲಿರುವುದರ ಇನ್ನೊಂದು ಪ್ರತಿ. ಅದರ ಪಕ್ಕದಲ್ಲಿ, ಬರಿ ಗೋಡೆಯ ಮೇಲೆ, ಪೆನ್ಸಿಲಿನಿಂದ ಒಂದು ಚುಕ್ಕೆ ಇಟ್ಟಿತ್ತು.

"ಅದೇನು ಚುಕ್ಕೆ?" ಎಂದರು.

"ಅವಳನ್ನೇ ನೋಡಿದ್ರೆ ಕಾಣಲ್ಲ," ಎಂದರು ಮೇಷ್ಟ್ರು. "ಆ ಚುಕ್ಕೆ ಇದೆಯಲ್ಲ, ಅಲ್ಲಿ ನೋಡಿದ್ರೆ ಪಕ್ಕದಲ್ಲಿ ಅವಳು ಸ್ವಲ್ಪ ಕಾಣ್ತಾಳೆ. ನಗೋದು ಕಾಣುತ್ತೆ."

ಸಾಹೇಬರು ಆಗ ಕೂತರು, ಹೇಳಿಸಿಕೊಳ್ಳದೆ, ನೆಲದ ಮೇಲೇ. ಅರವತ್ತೊಂಬತ್ತು ವರ್ಷದ ಮನುಷ್ಯ ಮಂಡಿಯ ನಡುವೆ ತಲೆ ಇಟ್ಟುಕೊಂಡು ಅತ್ತರು. ಹೆಂಡತಿ ಹೋದಾಗಲೂ ಅವರು ಹಾಗೆ ಅತ್ತಿರಲಿಲ್ಲ. ಮೇಷ್ಟ್ರು ಸಮಾಧಾನ ಮಾಡಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಬಹಳ ಹೊತ್ತಿನ ಮೇಲೆ ಕೇಳಿದರು: "ಈಗ್ಲೂ ಆಡ್ತೀರಾ?"

"ಆಡ್ತೀನಿ. ಒಬ್ನೇ. ತಲೆ ಎತ್ತುತೀನಂತೆ. ಹೊಡೆಯೋಕೆ ಮುಂಚೇನೇ."

"ಎತ್ತದೆ ಇನ್ನೇನು! ನೋಡೋರು ಯಾರಿದಾರೆ?" ಎಂದರು ಮೇಷ್ಟ್ರು.

ಶನಿವಾರ ಬೆಳಗ್ಗೆ ಸಾಹೇಬರು ಮತ್ತೆ ಐವತ್ನಾಲ್ಕು ಮೆಟ್ಟಿಲು ಹತ್ತಿದರು. ಮೇಷ್ಟ್ರು ಬೂಟು ಹಾಕಿಕೊಂಡು ಕೂತಿದ್ದರು. ಬರುತ್ತೇನೆಂದು ಅವರು ಹೇಳಿರಲಿಲ್ಲ, ಬನ್ನಿ ಎಂದು ಇವರು ಕೇಳಿರಲಿಲ್ಲ. ಬಸ್ಸಿನ ನಂಬರನ್ನು ಸಾಹೇಬರು ಗಟ್ಟಿಯಾಗಿ ಓದಿದರು. ಕ್ಯಾಂಟೀನಿನಲ್ಲಿ ಆ ಹೊತ್ತಿಗೆ ಇದ್ದವರು ಐದೇ ಜನ. ಸಾಹೇಬರು ಮೇಷ್ಟ್ರ ಕೈ ಹಿಡಿದು ಆ ಐವರ ಮುಂದೆ ನಿಂತು, "ಅವತ್ತು ನಾನು ಅಂದಿದ್ದು ಸುಳ್ಳು. ಕಣ್ಣಿಲ್ಲದೆ ಹೋಗಿದ್ದು ನನಗೆ," ಎಂದರು. ಅವರಲ್ಲಿ ಇಬ್ಬರಿಗೆ ಯಾವತ್ತು, ಏನು ಎಂದು ನೆನಪೇ ಇರಲಿಲ್ಲ. ಒಬ್ಬರು ಎದ್ದು ಮೇಷ್ಟ್ರಿಗೆ ಕುರ್ಚಿ ಎಳೆದುಕೊಟ್ಟರು. "ಆಮೇಲೆ ಕೂರ್ತೀವಿ," ಎಂದರು ಮೇಷ್ಟ್ರು.

ಮೊದಲ ಬಾವುಟ. ಸಾಹೇಬರು ಜೇಬಿನಿಂದ ಗುಂಡಿ ತೆಗೆದು ಹುಲ್ಲಿನ ಮೇಲಿಟ್ಟರು, ಅದರ ಮೇಲೆ ಚೆಂಡಿಟ್ಟರು. ಮೇಷ್ಟ್ರು ತಮ್ಮ ಹಳೆಯ ಜಾಗದಲ್ಲಿ, ನಾಲ್ಕು ಹೆಜ್ಜೆ ಹಿಂದೆ, ಎಡಗಡೆಗೆ ನಿಂತರು. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಹಣೆಯ ಮೇಲೆ, ಬಿಸಿಲಿಗೆ ಅಡ್ಡ. ಒಂಬತ್ತು ವರ್ಷ ನಿಂತ ಹಾಗೇ.

"ತಲೆ ಎತ್ಬೇಡಿ ಭಾವ," ಎಂದರು. "ನಾನು ನೋಡ್ಕೋತೀನಿ."

ನೋಡಲಾರರು. ಅದು ಇಬ್ಬರಿಗೂ ಗೊತ್ತಿತ್ತು. ತಲೆ ಎತ್ತಿದರೆ ಚೆಂಡು ಸಿಗುತ್ತದೆ. ಎತ್ತದಿದ್ದರೆ ಅದು ಎಲ್ಲಿ ಬಿತ್ತೆಂದು ಹೇಳುವವರು ಭೂಮಿಯ ಮೇಲೆ ಯಾರೂ ಇಲ್ಲ. ಸಾಹೇಬರು ಚಿಮಟದಲ್ಲಿ ಹಿಡಿದಷ್ಟೇ ಹಗುರವಾಗಿ ಕೋಲು ಹಿಡಿದರು. ಭಾರ ಬಲಗಾಲಿಗೆ ಹೋಯಿತು, ಎಡಗಾಲಿಗೆ ಬಂತು. ಟಪ್ ಎಂಬ ಸದ್ದು ಮೈದಾನದಲ್ಲಿ ಕೇಳಿಸಿತು. ಕೋಲು ಹೆಗಲ ಮೇಲೆ ನಿಂತಿತು. ಸಾಹೇಬರ ಕಣ್ಣು ಕೆಳಗೇ ಇತ್ತು.

"ನಾಲ್ಕು," ಎಂದರು ಅವರು ಗುಂಡಿ ನೋಡುತ್ತ. ಆಮೇಲೆ ಕೇಳಿದರು: "ಎಲ್ಲಿ ಬಿತ್ತು ಭಾವ?"

ಮೇಷ್ಟ್ರು ತಡಮಾಡಿದರು. "ಕಾಣ್ಲಿಲ್ಲ," ಎಂದರು. ಮೈದಾನದಲ್ಲಿ ಅವರ ಬಾಯಲ್ಲಿ ಆ ಮಾತು ಬಂದದ್ದು ಅದೇ ಮೊದಲು. "ಆದ್ರೆ ಸದ್ದು ಚೆನ್ನಾಗಿತ್ತು. ದೂರ ಹೋಗಿರ್ಬೇಕು."

ಮೇಷ್ಟ್ರು ಸಾಹೇಬರ ಹೆಗಲ ಮೇಲೆ ಕೈ ಇಟ್ಟರು. ಇಬ್ಬರೂ ಬಾವುಟದ ಕಡೆ ನಡೆದರು. ಬಲಗಡೆ ಹುಡುಕಿದರು, ಎಡಗಡೆ ಹುಡುಕಿದರು, ಹಳ್ಳದಲ್ಲಿ ಇಣುಕಿದರು. ಹಿಂದಿನಿಂದ ಬಂದ ಎರಡು ಜೋಡಿಗಳು ಇವರನ್ನು ದಾಟಿಕೊಂಡು ಮುಂದೆ ಹೋದವು. ಚೆಂಡು ಸಿಗಲಿಲ್ಲ.

"ನಿಯಮ ನಿಯಮಾನೇ," ಎಂದರು ಸಾಹೇಬರು ಕೊನೆಗೆ, ಜೇಬಿನಿಂದ ಬೇರೆ ಚೆಂಡು ತೆಗೆದು. "ತೋರ್ಸಿ, ಎಲ್ಲಿಡ್ಲಿ?"

ಮೇಷ್ಟ್ರು ಯೋಚಿಸಿ, ಬೂಟಿನ ತುದಿಯಿಂದ ಹುಲ್ಲಿನ ಮೇಲೆ ಒಂದು ಜಾಗ ಮುಟ್ಟಿ ತೋರಿಸಿದರು. ಸಾಹೇಬರು ಚೆಂಡನ್ನು ಅಲ್ಲೇ ಇಟ್ಟರು.

ಮುಂದಿನ ವಾರ ಗೋದಾಮಿನ ಮುಂದೆ ಟೀಚರಮ್ಮ ಸಿಕ್ಕಿ, ಆಟ ಹೇಗಿದೆ ಎಂದು ವಿಚಾರಿಸಿದಳು.

"ಸ್ವಿಂಗ್ ಸರಿಹೋಯ್ತು," ಎಂದರು ಸಾಹೇಬರು. "ಒಂದು ಚೆಂಡೂ ಸಿಗ್ತಿಲ್ಲ."